ವಿಕಿರಣ ಬಿದ್ದ ಗದ್ದೆ ಮತ್ತು ಪೊಟ್ಯಾಷ್ ಗೊಬ್ಬರ

ಜಪಾನಿನ ಈಶಾನ್ಯ ಭಾಗದಲ್ಲಿರುವ ಫುಕುಶಿಮಾ ಪ್ರಾಂತ್ಯವು ಭತ್ತ, ಪೀಚ್ ಹಣ್ಣು ಹಾಗೂ ಜಾನುವಾರು ಸಾಕಣೆಗೆ ಹೆಸರಾದ ಕೃಷಿ ಪ್ರದೇಶ. 2011ರ ಮಾರ್ಚ್ 11ರಂದು ಸಂಭವಿಸಿದ ಭಾರೀ ಭೂಕಂಪ ಮತ್ತು ಸುನಾಮಿಯಿಂದ ಅಲ್ಲಿನ ಕಡಲ ತೀರದ ಅಣು ವಿದ್ಯುತ್ ಸ್ಥಾವರದ ತಂಪುಗೊಳಿಸುವ ವ್ಯವಸ್ಥೆ ಕೆಟ್ಟುಹೋಯಿತು. ಹೊರಬಿದ್ದ ವಿಕಿರಣಶೀಲ ವಸ್ತುಗಳು ಗಾಳಿಯೊಡನೆ ಸಾಗಿ, ಮಳೆ ಮತ್ತು ಹಿಮದೊಡನೆ ಗದ್ದೆ, ತೋಟ, ಕಾಡುಗಳ ಮೇಲೆ ಇಳಿದವು. ಸಸಿಮಡಿ ಹಾಕುವ ಕಾಲ ಹತ್ತಿರ ಬಂದಿತ್ತು. ನಾಟಿ ಮಾಡಬಹುದೇ, ಮಾಡಿದರೆ ಅಕ್ಕಿ ಉಣ್ಣಲು ಯೋಗ್ಯವಾಗಿರುವುದೇ, ಯೋಗ್ಯವಾಗಿದ್ದರೂ ಅದನ್ನು ಯಾರಾದರೂ ಕೊಳ್ಳುವರೇ ಎಂಬ ಪ್ರಶ್ನೆಗಳು ಅಲ್ಲಿನ ರೈತರ ಮುಂದೆ ನಿಂತವು. ಈ ಪ್ರಶ್ನೆಗಳಿಗೆ ಉತ್ತರ ದೊರೆತುದು ಬಹುಮಟ್ಟಿಗೆ ಮಣ್ಣು ಪರೀಕ್ಷೆ ಮತ್ತು ಪೊಟ್ಯಾಷ್ ಗೊಬ್ಬರದಿಂದ ಎಂಬುದು ಬೇಸಾಯಗಾರರಿಗೆ ಆಸಕ್ತಿ ಹುಟ್ಟಿಸುವ ಸಂಗತಿ.

ಬಿದ್ದ ವಸ್ತುಗಳು ಯಾವುವು?

ಇಂಥ ಅಪಘಾತದಲ್ಲಿ ಹೊರಬರುವ ಧಾತುಗಳು ಹಲವು. ಬೇಸಾಯದ ದೃಷ್ಟಿಯಿಂದ ಮುಖ್ಯವಾದವು ಅಯೋಡಿನ್-131, ಸೀಸಿಯಂ-134, ಸೀಸಿಯಂ-137 ಮತ್ತು ಸ್ಟ್ರಾನ್ಷಿಯಂ-90. ಇವುಗಳ ವಿಕಿರಣ ಶಕ್ತಿಯು ಒಂದು ಗೊತ್ತಾದ ಕಾಲಕ್ಕೆ ಅರ್ಧದಷ್ಟಾಗುತ್ತದೆ. ಇದಕ್ಕೆ ಅರ್ಧಾಯು ಎಂದು ಹೆಸರು. ಅಯೋಡಿನ್-131ರ ಅರ್ಧಾಯು ಕೇವಲ 8 ದಿನ, ಸೀಸಿಯಂ-134ರದು ಸುಮಾರು 2 ವರ್ಷ, ಸೀಸಿಯಂ-137ರದು ಸುಮಾರು 30 ವರ್ಷ. ಅಯೋಡಿನ್ ಮೊದಲ ಕೆಲವು ವಾರ ಹಾಲು, ಸೊಪ್ಪು ಮತ್ತು ಕುಡಿಯುವ ನೀರಿನಲ್ಲಿ ಅಪಾಯಕಾರಿಯಾಗಿದ್ದು ಬಳಿಕ ಇಲ್ಲವಾಗುತ್ತದೆ. ಹೊಲವನ್ನು ಹಿಡಿದು ಕೂರುವುದು ಸೀಸಿಯಂ-137.

ವಿಕಿರಣದ ಅಳತೆಗೆ ಬೆಕ್ವೆರೆಲ್ ಎಂಬ ಮಾನವನ್ನು ಬಳಸುತ್ತಾರೆ. ಒಂದು ಸೆಕೆಂಡಿಗೆ ಒಂದು ಪರಮಾಣು ಒಡೆದರೆ ಅದು ಒಂದು ಬೆಕ್ವೆರೆಲ್. ಫುಕುಶಿಮಾದಲ್ಲಿ ಒಂದು ಕಿಲೋ ಮಣ್ಣಿಗೆ 5,000 ಬೆಕ್ವೆರೆಲ್ ಮೀರಿದ ಗದ್ದೆಗಳಲ್ಲಿ 2011ರಲ್ಲಿ ನಾಟಿಯನ್ನು ನಿಷೇಧಿಸಲಾಯಿತು. ಸಂಖ್ಯೆ ದೊಡ್ಡದಾಗಿ ಕಂಡರೂ ತೂಕದಲ್ಲಿ ಇದು ಅತ್ಯಲ್ಪ. ಅಷ್ಟೂ ಸೀಸಿಯಂ-137 ಎಂದೇ ಇಟ್ಟುಕೊಂಡರೆ, ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಬರುವಂಥ ಎರಡು ಪಾಲಿಗೂ ಕಡಿಮೆ. ಕಣ್ಣಿಗೆ ಕಾಣದ, ವಾಸನೆಯಿಲ್ಲದ, ರುಚಿಯಿಲ್ಲದ ಇಷ್ಟು ಸ್ವಲ್ಪ ಪದಾರ್ಥವನ್ನು ಮಣ್ಣಿನಿಂದ ತೊಳೆದು ತೆಗೆಯುವುದು ಹೊಲದ ಮಟ್ಟದಲ್ಲಿ ಸಾಧ್ಯವಾಗುವ ಕೆಲಸವಲ್ಲ. ಸುಟ್ಟರೂ ಕುದಿಸಿದರೂ ಅದು ನಾಶವಾಗುವುದಿಲ್ಲ. ಅದನ್ನು ಬೇರೆ ಕಡೆಗೆ ಸಾಗಿಸಬಹುದು, ಇಲ್ಲವೇ ಇದ್ದಲ್ಲಿಯೇ ಬೆಳೆಗೆ ಸಿಗದಂತೆ ಮಾಡಬಹುದು. ಇರುವ ದಾರಿಗಳು ಇವೆರಡೇ.

ಪತ್ತೆ ಮಾಡುವ ಬಗೆ

ಕೈಯಲ್ಲಿ ಹಿಡಿದು ಟಿಕ್ ಟಿಕ್ ಶಬ್ದ ಕೇಳುವ ಗೈಗರ್ ಮಾಪಕವನ್ನು ಚಿತ್ರಗಳಲ್ಲಿ ಅನೇಕರು ನೋಡಿರಬಹುದು. ಸ್ಥಳದಲ್ಲಿ ವಿಕಿರಣ ಹೆಚ್ಚಿದೆಯೇ ಎಂದು ನೋಡಲು ಅದು ಸಾಕು. ಆದರೆ ಅಕ್ಕಿ, ಹಾಲು ಅಥವಾ ನೀರು ಸೇವನೆಗೆ ಯೋಗ್ಯವೇ ಎಂಬುದನ್ನು ಅದರಿಂದ ಹೇಳಲಾಗದು. ಇದಕ್ಕೆ ಕಾರಣವುಂಟು. ಪ್ರಕೃತಿಯಲ್ಲಿರುವ ಪೊಟ್ಯಾಸಿಯಂನ ಒಂದು ಸಣ್ಣ ಅಂಶ ತಾನೇ ವಿಕಿರಣಶೀಲ. ಪ್ರತಿ ಗ್ರಾಂ ಪೊಟ್ಯಾಸಿಯಂ ಸುಮಾರು 31 ಬೆಕ್ವೆರೆಲ್ ನೀಡುತ್ತದೆ. ಪಾಲಿಷ್ ಮಾಡದ ಒಂದು ಕಿಲೋ ಅಕ್ಕಿಯಲ್ಲಿ ಎರಡು ಗ್ರಾಮಿಗೂ ಮಿಕ್ಕು ಪೊಟ್ಯಾಸಿಯಂ ಇರುವುದರಿಂದ, ಯಾವ ಅಪಘಾತವೂ ಆಗದ ಊರಿನ ಅಕ್ಕಿಯಲ್ಲೂ 60-70 ಬೆಕ್ವೆರೆಲ್ ಇದ್ದೇ ಇರುತ್ತದೆ! ಜಪಾನಿನಲ್ಲಿ 2012ರ ಏಪ್ರಿಲ್‌ನಿಂದ ಸಾಮಾನ್ಯ ಆಹಾರಕ್ಕೆ ಸೀಸಿಯಂನ ಮಿತಿ ಕಿಲೋಗೆ 100 ಬೆಕ್ವೆರೆಲ್, ಹಾಲಿಗೆ 50, ಕುಡಿಯುವ ನೀರಿಗೆ 10. ಆದ್ದರಿಂದ ಯಾವುದು ಸೀಸಿಯಂ, ಯಾವುದು ಪೊಟ್ಯಾಸಿಯಂ ಎಂದು ಬೇರ್ಪಡಿಸಿ ಅಳೆಯುವ ಉಪಕರಣ ಬೇಕಾಗುತ್ತದೆ. ಸೋಡಿಯಂ ಅಯೋಡೈಡ್ ಹರಳು ಅಥವಾ ಜರ್ಮೇನಿಯಂ ಬಳಸಿದ ಉಪಕರಣಗಳು ಗಾಮಾ ಕಿರಣದ ಶಕ್ತಿಯನ್ನು ನೋಡಿ ಧಾತುವನ್ನು ಗುರುತಿಸುತ್ತವೆ. ಹೊರಗಿನ ವಿಕಿರಣ ತಾಗದಂತೆ ಮಾದರಿಯನ್ನು ದಪ್ಪ ಸೀಸದ ಪೆಟ್ಟಿಗೆಯೊಳಗೆ ಇಟ್ಟು ಅಳೆಯಲಾಗುತ್ತದೆ. ಸ್ಟ್ರಾನ್ಷಿಯಂ-90 ಗಾಮಾ ಕಿರಣ ಬೀರದ ಕಾರಣ ಅದನ್ನು ರಾಸಾಯನಿಕವಾಗಿ ಬೇರ್ಪಡಿಸಿಯೇ ಅಳೆಯಬೇಕು; ಇದು ದಿನಗಟ್ಟಲೆ ಹಿಡಿಯುವ ಕೆಲಸ.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಕೈಗಾದಲ್ಲಿಯೂ ಸ್ಥಾವರದ ಸುತ್ತಲಿನ ನೀರು, ಮಣ್ಣು, ಹಾಲು, ಮೀನು ಮೊದಲಾದವುಗಳ ಮಾದರಿಗಳನ್ನು ತೆಗೆದು ಈ ಬಗೆಯ ಪರೀಕ್ಷೆ ನಡೆಸಲು ಪರಿಸರ ಸಮೀಕ್ಷಾ ಪ್ರಯೋಗಾಲಯವೊಂದಿದೆ. ಏನೂ ಆಗದ ದಿನಗಳಲ್ಲಿ ತೆಗೆದ ಇಂಥ ಅಳತೆಗಳಿದ್ದರೆ ಮಾತ್ರ, ಏನಾದರೂ ಆದ ದಿನ ಹೋಲಿಸಿ ನೋಡಲು ಆಧಾರವಿರುತ್ತದೆ.

ಓನಾಮಿ ಗ್ರಾಮದ ಅಕ್ಕಿ

ಮಣ್ಣಿನಲ್ಲಿರುವ ಸೀಸಿಯಂನ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಅಕ್ಕಿಗೆ ಬರಲಾರದು ಎಂಬ ಲೆಕ್ಕದ ಮೇಲೆ 5,000ದ ಮಿತಿಯನ್ನು ಇಟ್ಟಿದ್ದರು. ಆಗ ಅಕ್ಕಿಗೆ ಇದ್ದ ತಾತ್ಕಾಲಿಕ ಮಿತಿ ಕಿಲೋಗೆ 500 ಬೆಕ್ವೆರೆಲ್. ಅಕ್ಟೋಬರ್ ತಿಂಗಳಲ್ಲಿ ಮಾದರಿಗಳ ಪರೀಕ್ಷೆ ಮುಗಿದು ಪ್ರಾಂತ್ಯದ ಅಕ್ಕಿ ಸುರಕ್ಷಿತವೆಂದು ಘೋಷಣೆಯೂ ಆಯಿತು. ನವೆಂಬರ್‌ನಲ್ಲಿ ಫುಕುಶಿಮಾ ನಗರದ ಓನಾಮಿ ಎಂಬ ಬೆಟ್ಟದ ತಪ್ಪಲಿನ ಗ್ರಾಮದ ರೈತರೊಬ್ಬರು ತಾವಾಗಿಯೇ ಕೇಳಿಕೊಂಡು ತಮ್ಮ ಅಕ್ಕಿಯನ್ನು ಪರೀಕ್ಷೆ ಮಾಡಿಸಿದಾಗ 630 ಬೆಕ್ವೆರೆಲ್ ಬಂದಿತು. ಒಂದು ದಿನದಲ್ಲಿ ಇಡೀ ಪ್ರಾಂತ್ಯದ ಅಕ್ಕಿಯ ಮೇಲಿನ ನಂಬಿಕೆ ಕುಸಿಯಿತು. ಕೆಲವೇ ಮಾದರಿ ನೋಡಿ ಎಲ್ಲವೂ ಸರಿಯಾಗಿದೆ ಎಂದು ಹೇಳಿದುದು ಅವಸರದ ಮಾತು ಎನ್ನದೆ ವಿಧಿಯಿಲ್ಲ.

ಕಾರಣವನ್ನು ಹುಡುಕಿದಾಗ ಮೊದಲು ಸಂಶಯ ಬಂದುದು ಕಾಡಿನಿಂದ ಹರಿದುಬರುವ ನೀರಾವರಿ ನೀರಿನ ಮೇಲೆ. ಆದರೆ ಹೆಚ್ಚು ಸೀಸಿಯಂ ಬಂದ ಗದ್ದೆಗಳ ಮಣ್ಣನ್ನು ಪರೀಕ್ಷಿಸಿದಾಗ ಒಂದು ಸಮಾನ ಗುಣ ಕಂಡುಬಂದಿತು. ಅವುಗಳಲ್ಲಿ ಪೊಟ್ಯಾಷ್ ತೀರಾ ಕಡಿಮೆಯಿತ್ತು. ಪಕ್ಕದ ಗದ್ದೆಯಲ್ಲಿ ಸೀಸಿಯಂ ಅಷ್ಟೇ ಇದ್ದು ಪೊಟ್ಯಾಷ್ ಸಾಕಷ್ಟಿದ್ದರೆ ಅಕ್ಕಿ ಶುದ್ಧವಾಗಿರುತ್ತಿತ್ತು.

ಇದರ ಒಳಗುಟ್ಟು ಸರಳ. ಸೀಸಿಯಂ ಮತ್ತು ಪೊಟ್ಯಾಸಿಯಂ ಒಂದೇ ಕುಲದ ಧಾತುಗಳು. ಬೇರು ಪೊಟ್ಯಾಸಿಯಂ ಒಳಗೊಯ್ಯುವ ಬಾಗಿಲಲ್ಲೇ ಸೀಸಿಯಂ ಕೂಡ ನುಸುಳುತ್ತದೆ. ಪೊಟ್ಯಾಷ್ ಕೊರತೆಯಾದಾಗ ಬೆಳೆ ಹಸಿದಂತಾಗಿ ಆ ಬಾಗಿಲುಗಳನ್ನು ಮತ್ತಷ್ಟು ತೆರೆಯುತ್ತದೆ. ಪೊಟ್ಯಾಷ್ ತುಂಬಿದ್ದರೆ ಅತ್ಯಲ್ಪವಾಗಿರುವ ಸೀಸಿಯಂಗೆ ಸರದಿಯೇ ಬರುವುದಿಲ್ಲ. ಇದಕ್ಕೆ ತದ್ವಿರುದ್ಧವಾಗಿ ಅಮೋನಿಯಂ ರೂಪದ ಸಾರಜನಕವನ್ನು ಅತಿಯಾಗಿ ಕೊಟ್ಟರೆ ಅದು ಜೇಡಿಗೆ ಅಂಟಿದ ಸೀಸಿಯಂನ್ನು ಸಡಿಲಿಸಿ ಬೆಳೆಗೆ ಒದಗಿಸುತ್ತದೆ.

ಫುಕುಶಿಮಾದಲ್ಲಿ 100 ಗ್ರಾಂ ಮಣ್ಣಿನಲ್ಲಿ ಕನಿಷ್ಠ 25 ಮಿಲಿಗ್ರಾಂ ಪೊಟ್ಯಾಷ್ ಇರುವಂತೆ ನಾಟಿಗೆ ಮುಂಚೆಯೇ ಗೊಬ್ಬರ ಕೊಡಬೇಕೆಂದು ಶಿಫಾರಸು ಮಾಡಲಾಯಿತು. ನಮ್ಮ ಮಣ್ಣು ಪರೀಕ್ಷಾ ಪತ್ರದ ಲೆಕ್ಕಕ್ಕೆ ತಂದರೆ ಇದು ಹೆಕ್ಟೇರಿಗೆ ಸುಮಾರು 560 ಕಿ.ಗ್ರಾಂ ಲಭ್ಯ ಪೊಟ್ಯಾಷ್. ನಮ್ಮಲ್ಲಿ 340 ಕಿ.ಗ್ರಾಂ ಸುಮಾರಿಗೆ ಮೀರಿದರೇ 'ಅಧಿಕ' ಎಂದು ಬರೆಯುತ್ತಾರೆ. ಅಂದರೆ ಇಳುವರಿಗೆ ಬೇಕಾದುದಕ್ಕಿಂತ ಬಹಳ ಹೆಚ್ಚಾಗಿ, ಕಾವಲಿಗೆಂದೇ ಹಾಕಿದ ಗೊಬ್ಬರವಿದು. ಭತ್ತದ ಬೆಳೆ ಹೀರಿದ ಪೊಟ್ಯಾಷ್‌ನ ಬಹುಭಾಗ ಹುಲ್ಲಿನಲ್ಲಿ ಉಳಿಯುವುದರಿಂದ, ವರ್ಷವೂ ಹುಲ್ಲನ್ನು ಹೊರಗೆ ಸಾಗಿಸಿ ಗೊಬ್ಬರ ಹಾಕದ ಗದ್ದೆಗಳು ಬರಿದಾಗುತ್ತವೆ ಎಂಬುದನ್ನು ಇಲ್ಲಿ ಗಮನಿಸಬೇಕು.

2012ರಿಂದ ಪ್ರಾಂತ್ಯದಲ್ಲಿ ಬೆಳೆದ ಅಕ್ಕಿಯ ಪ್ರತಿಯೊಂದು 30 ಕಿಲೋ ಚೀಲವನ್ನೂ, ವರ್ಷಕ್ಕೆ ಸುಮಾರು ಒಂದು ಕೋಟಿ ಚೀಲಗಳನ್ನು, ಉಪಕರಣದೊಳಗೆ ಹಾಯಿಸಿ ನೋಡತೊಡಗಿದರು. 100 ಬೆಕ್ವೆರೆಲ್ ಮಿತಿ ಮೀರಿದ ಚೀಲಗಳು 2012ರ ಬೆಳೆಯಲ್ಲಿ 71, 2013ರಲ್ಲಿ 28, 2014ರಲ್ಲಿ 2. 2015ರ ಬೆಳೆಯಿಂದ ಮುಂದೆ ಒಂದೂ ಇಲ್ಲ. ಇದರ ಬಳಿಕವೇ 2020ರಲ್ಲಿ ಬಹುಪಾಲು ಪ್ರದೇಶಗಳಲ್ಲಿ ಮತ್ತೆ ಮಾದರಿ ಪರೀಕ್ಷೆಗೆ ಮರಳಿದರು.

ಮಣ್ಣಿನ ಗುಣ

ಸೀಸಿಯಂ ಮಣ್ಣಿಗೆ ಬಿದ್ದ ಮೇಲೆ ನೀರಿನೊಡನೆ ಕೆಳಗೆ ಇಳಿದು ಹೋಗುವುದಿಲ್ಲ. ಉಳದ ಹೊಲದಲ್ಲಿ ಅದರ ಬಹುಭಾಗ ಮೇಲಿನ 5 ಸೆಂ.ಮೀ. ಪದರದಲ್ಲೇ ಇರುತ್ತದೆ. ಅಭ್ರಕದ ಜಾತಿಯ ಜೇಡಿಮಣ್ಣಿನ ಹಾಳೆಗಳ ಸಂದಿಯಲ್ಲಿ ಸಿಕ್ಕಿಕೊಂಡರೆ ಅದು ಸುಲಭವಾಗಿ ಬಿಡುಗಡೆಯಾಗದು. ಸಾವಯವ ಅಂಶ ಹೆಚ್ಚಾಗಿ ಜೇಡಿ ಕಡಿಮೆಯಿರುವ ಭೂಮಿಯಲ್ಲಿ ಹೀಗಾಗುವುದಿಲ್ಲ. ಸೋವಿಯತ್ ಒಕ್ಕೂಟದ ಚರ್ನೋಬಿಲ್‌ನಲ್ಲಿ 1986ರ ಏಪ್ರಿಲ್ 26ರಂದು ಆದ ಅಪಘಾತದ ಸೀಸಿಯಂ, ಎರಡು ಸಾವಿರ ಕಿ.ಮೀ.ಗೂ ದೂರದ ಬ್ರಿಟನ್ನಿನ ಗುಡ್ಡಗಳ ಮೇಲೆ ಮಳೆಯಾಗಿ ಇಳಿಯಿತು. ಅಲ್ಲಿನ ಕೊಳೆತ ಸಸ್ಯಾಂಶದ ಕಪ್ಪು ಮಣ್ಣಿನಲ್ಲಿ ಅದು ಹುಲ್ಲಿಗೆ, ಹುಲ್ಲಿನಿಂದ ಕುರಿಗೆ ಸಾಗುತ್ತಲೇ ಇದ್ದು, ಕುರಿ ಮಾರಾಟದ ನಿರ್ಬಂಧ ಪೂರ್ತಿ ತೆರವಾದುದು 2012ರಲ್ಲಿ, ಅಂದರೆ 26 ವರ್ಷಗಳ ತರುವಾಯ. ನಮ್ಮ ಕರಾವಳಿ, ಮಲೆನಾಡಿನ ಜಂಬಿಟ್ಟಿಗೆ ಮಣ್ಣಿನಲ್ಲಿಯೂ ಸೀಸಿಯಂ ಹಿಡಿದಿಡುವ ಬಗೆಯ ಜೇಡಿ ಕಡಿಮೆ. ಸಾಮಾನ್ಯವಾಗಿ ಪೊಟ್ಯಾಷ್ ಕೂಡ ಕಡಿಮೆ. ಆ ಮಣ್ಣುಗಳ ಪರೀಕ್ಷೆಯನ್ನು ವಿಸ್ತರಣಾ ಕಾರ್ಯಕರ್ತರು ಇಳುವರಿಗಾಗಿ ಮಾತ್ರ ಎಂದು ತಿಳಿಯಬೇಕಾಗಿಲ್ಲ.

ಸೂರ್ಯಕಾಂತಿ ಬೆಳೆದು ಸೀಸಿಯಂ ಹೀರಿ ತೆಗೆಯಬಹುದೆಂಬ ಮಾತು ಜಪಾನಿನಲ್ಲಿ ಬಹಳ ಹಬ್ಬಿತು. ಅನೇಕರು ಉತ್ಸಾಹದಿಂದ ಬಿತ್ತಿದರು. ಸರ್ಕಾರದ ಪ್ರಯೋಗದಲ್ಲಿ ಆ ಬೆಳೆ ತೆಗೆದುದು ಮಣ್ಣಿನ ಸೀಸಿಯಂನ ಎರಡು ಸಾವಿರದಲ್ಲಿ ಒಂದು ಪಾಲು ಮಾತ್ರ! ಹೂವು ನೋಡಲು ಚೆಂದ, ಅಷ್ಟೆ.

ಹೆಚ್ಚು ಕಲುಷಿತವಾದ ಹೊಲಗಳಲ್ಲಿ ಮೇಲಿನ 4-5 ಸೆಂ.ಮೀ. ಮಣ್ಣನ್ನು ಕೆರೆದು ತೆಗೆಯಲಾಯಿತು. ಅಪಘಾತದ ನಂತರ ಉತ್ತುಬಿಟ್ಟ ಗದ್ದೆಯಲ್ಲಿ ಸೀಸಿಯಂ ಉಳುಮೆಯ ಆಳಕ್ಕೆಲ್ಲ ಬೆರೆಯುವುದರಿಂದ ಈ ಉಪಾಯ ನಡೆಯದು. ಆದ್ದರಿಂದ ಅಳತೆ ಆಗುವವರೆಗೆ ನೇಗಿಲು ಹೂಡದಿರುವುದೇ ಲೇಸು. ಇಟಾಟೆ ಎಂಬ ಹಳ್ಳಿಯಲ್ಲಿ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಮೇಲ್ಪದರವನ್ನು ಹಲಗೆಯಂತೆ ಎತ್ತಿ ತೆಗೆದರು. ಕಲುಷಿತತೆ ಕಡಿಮೆಯಿರುವಲ್ಲಿ 30 ಸೆಂ.ಮೀ. ಆಳಕ್ಕೆ ಮಗುಚಿ ಉತ್ತು, ಮೇಲ್ಮಣ್ಣನ್ನು ಬೇರಿನ ಮುಖ್ಯ ವಲಯದ ಕೆಳಗೆ ಹಾಕಿದರು.

ನೀರು ಮತ್ತು ಮೇವು

2011ರ ಮಾರ್ಚ್ ಮೂರನೇ ವಾರದ ಬಳಿಕ ಟೋಕಿಯೋದ ಒಂದು ನೀರು ಶುದ್ಧೀಕರಣ ಕೇಂದ್ರದಲ್ಲಿ ಲೀಟರಿಗೆ 210 ಬೆಕ್ವೆರೆಲ್ ಅಯೋಡಿನ್-131 ಕಂಡುಬಂದು, ಹಸುಗೂಸುಗಳಿಗೆ ಆ ನೀರನ್ನು ಕೊಡಬಾರದೆಂದು ಸಾರಲಾಯಿತು. ನೀರನ್ನು ಕುದಿಸುವುದರಿಂದ ಪ್ರಯೋಜನವಿಲ್ಲ. ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಸೀಸಿಯಂನ ವಿಷಯ ಸ್ವಲ್ಪ ಬೇರೆ. ನದಿ, ಕೆರೆಗಳ ನೀರಿನಲ್ಲಿ ಅದರ ಬಹುಭಾಗ ತೇಲುವ ಜೇಡಿಯ ಕಣಗಳಿಗೆ ಅಂಟಿರುವುದರಿಂದ, ಪಟಿಕ ಹಾಕಿ ರಾಡಿಯನ್ನು ತಂಗಿಸಿ ಶೋಧಿಸಿದರೆ ರಾಡಿಯೊಡನೆ ಹೋಗುತ್ತದೆ. ಮಳೆಯಿಂದ ಕೆಂಪಾದ ನೀರನ್ನು ಗದ್ದೆಗೆ ಬಿಡದೆ, ತಿಳಿಯಾದ ಮೇಲೆ ಹಾಯಿಸುವುದು ಕ್ಷೇಮ. ಸ್ಥಾವರದೊಳಗಿನ ನೀರನ್ನು ಜಿಯೊಲೈಟ್ ಮುಂತಾದ ಖನಿಜಗಳ ಕಂಬಗಳ ಮೂಲಕ ಹಾಯಿಸಿ ಸೀಸಿಯಂ ತೆಗೆಯುತ್ತಾರೆ. ಆದರೆ ಟ್ರಿಷಿಯಂ ಎಂಬುದು ನೀರಿನ ಅಣುವಿನಲ್ಲೇ ಸೇರಿಕೊಂಡಿರುವ ಜಲಜನಕ. ಅದನ್ನು ಈ ಶೋಧಕಗಳು ಬೇರ್ಪಡಿಸಲಾರವು. ಹೀಗಾಗಿ ಅಂಥ ನೀರನ್ನು ಬಹಳವಾಗಿ ತೆಳುಮಾಡಿ 2023ರ ಆಗಸ್ಟ್ 24ರಿಂದ ಸಮುದ್ರಕ್ಕೆ ಬಿಡಲು ಆರಂಭಿಸಿದರು. ಮೀನುಗಾರರು ಇದನ್ನು ವಿರೋಧಿಸಿದ್ದರು.

ಮೇವಿನ ವಿಷಯದಲ್ಲಿ ಆದ ತಪ್ಪು ಒಂದುಂಟು. ಹಿಂದಿನ ವರ್ಷದ ಭತ್ತದ ಹುಲ್ಲನ್ನು ಕೆಲವರು ಗದ್ದೆಯಲ್ಲಿ ಬಯಲಿಗೇ ಬಿಟ್ಟಿದ್ದರು. ಅದರ ಮೇಲೆ ವಿಕಿರಣ ಬಿದ್ದುದು ಅರಿಯದೆ ಮೇವಾಗಿ ಮಾರಾಟವಾಗಿ, 2011ರ ಜುಲೈಯಲ್ಲಿ ದನದ ಮಾಂಸದಲ್ಲಿ ಸೀಸಿಯಂ ಪತ್ತೆಯಾಯಿತು. ಮುಚ್ಚಿದ ಬಣವೆಯ, ಕೊಟ್ಟಿಗೆಯೊಳಗಿನ ಹುಲ್ಲಿಗೆ ಈ ತೊಂದರೆಯಿರಲಿಲ್ಲ. ಸಮಾಧಾನದ ಸಂಗತಿಯೆಂದರೆ, ಶುದ್ಧ ಮೇವು ಕೊಡಲು ಮೊದಲಿಟ್ಟ ಕೆಲವೇ ವಾರಗಳಲ್ಲಿ ಹಾಲಿನಲ್ಲಿ ಸೀಸಿಯಂ ಇಳಿಯುತ್ತದೆ. ಚರ್ನೋಬಿಲ್ ಸುತ್ತಲಿನ ಪ್ರದೇಶಗಳಲ್ಲಿ 1990ರ ದಶಕದಿಂದ ಹಸುಗಳಿಗೆ ಪ್ರಷ್ಯನ್ ಬ್ಲೂ ಎಂಬ ನೀಲಿ ವಸ್ತುವನ್ನು ಮೇವಿನೊಡನೆ ಕೊಡುತ್ತ ಬಂದರು. ಅದು ಹೊಟ್ಟೆಯಲ್ಲೇ ಸೀಸಿಯಂನ್ನು ಹಿಡಿದು ಸಗಣಿಯೊಡನೆ ಹೊರಹಾಕಿ, ಹಾಲಿನ ಸೀಸಿಯಂನ್ನು ಹಲವು ಪಟ್ಟು ತಗ್ಗಿಸಿತು. ಆದರೆ ಆ ಸಗಣಿಯನ್ನು ಎಲ್ಲಿ ಹಾಕಬೇಕೆಂಬುದು ಮತ್ತೆ ಪ್ರಶ್ನೆಯೇ.

ತೆಗೆದ ಮಣ್ಣು

ಫುಕುಶಿಮಾದಲ್ಲಿ ಕೆರೆದು ತೆಗೆದ ಮಣ್ಣು ಮತ್ತು ಕಸ ಸುಮಾರು 1.4 ಕೋಟಿ ಘನ ಮೀಟರ್. ಇದನ್ನು ಸ್ಥಾವರದ ಸುತ್ತ ಒಂದು ತಾತ್ಕಾಲಿಕ ಸಂಗ್ರಹ ಕ್ಷೇತ್ರದಲ್ಲಿ ಇಟ್ಟಿದ್ದಾರೆ. 2045ರೊಳಗೆ ಪ್ರಾಂತ್ಯದಿಂದ ಹೊರಗೆ ಶಾಶ್ವತ ವಿಲೇವಾರಿ ಮಾಡಬೇಕೆಂದು ಕಾನೂನಿದೆ. ಮಣ್ಣು ತೆಗೆದ ಗದ್ದೆಗಳಿಗೆ ಬೆಟ್ಟದಿಂದ ಅಗೆದ ಮರಳು ಮಣ್ಣನ್ನು ತಂದು ತುಂಬಿದರು. ತಲೆಮಾರುಗಳಿಂದ ಗೊಬ್ಬರ ಹಾಕಿ ಸಾಕಿದ ಮೇಲ್ಮಣ್ಣು ಹೋಗಿ, ಸಾವಯವ ಅಂಶವೂ ಪೊಟ್ಯಾಷ್ ಕೂಡ ಇಲ್ಲದ ಮಣ್ಣು ಅದರ ಜಾಗಕ್ಕೆ ಬಂದಿದೆ. ಊರಿಗೆ ಮರಳಿದ ರೈತರು ಅಲ್ಲಿ ಕೊಟ್ಟಿಗೆ ಗೊಬ್ಬರ, ಹಸಿರು ಗೊಬ್ಬರದಿಂದ ಮೊದಲುಮಾಡಿ ಭೂಮಿಯನ್ನು ಮತ್ತೆ ಕಟ್ಟಬೇಕಾಗಿದ್ದು, ನಾಟಿಗೆ ಮುಂಚೆ ಮಣ್ಣು ಪರೀಕ್ಷೆ ಮಾಡಿಸಿ ಪೊಟ್ಯಾಷ್ ಸರಿದೂಗಿಸುವ ಕೆಲಸವೂ ಜೊತೆಗೇ ಇದೆ.