ಹೊಸ ಟೆಲಿವಿಷನ್ ಕೊಳ್ಳುವ ಮುನ್ನ

ಶ್ರೀನಿವಾಸಪುರದ ಸೀಮೆಯಲ್ಲಿ ಮಾವಿನ ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಕೂಡಿದಾಗ, ಮನೆಗೊಂದು ಹೊಸ ಟೆಲಿವಿಷನ್ ತರುವ ಮಾತು ಏಳುವುದು ಸಹಜವೇ. ಕೋಲಾರದ ಅಂಗಡಿಗೆ ಹೋದರೆ ಗೋಡೆಯ ತುಂಬ ಹೊಳೆಯುವ ಪರದೆಗಳು. ‘ಫುಲ್ ಎಚ್.ಡಿ.’ಗಿಂತ ‘ಫೋರ್ ಕೆ’ ಮೇಲೆಂದು ಮಾರುವವರು ಹೇಳುತ್ತಾರೆ. ಅದಕ್ಕಾಗಿ ತೆತ್ತ ಹೆಚ್ಚಿನ ಹಣದ ಫಲವು ನಮ್ಮ ಕಣ್ಣಿಗೆ ಕಾಣುವುದುಂಟೆ?

1981ರಲ್ಲಿ ಬೆಂಗಳೂರಿನ ದೂರದರ್ಶನ ಕೇಂದ್ರವು ಆರಂಭವಾದಾಗ ಈ ಪ್ರಾಂತದವರ ಚಿಂತೆಯೇ ಬೇರೆಯಾಗಿತ್ತು. ಆ ಅಲೆಗಳು ಬಹುಮಟ್ಟಿಗೆ ನೇರವಾಗಿ ಸಾಗತಕ್ಕವು, ಭೂಮಿಯೋ ದುಂಡಗಿನದು. ಆದುದರಿಂದ ದೂರ ಹೆಚ್ಚಿದಷ್ಟೂ ಆಂಟೆನಾ ಎತ್ತರದಲ್ಲಿರಬೇಕಾಗಿತ್ತು. ಮಾಲೂರಿಗಿಂತ ಮುಳಬಾಗಿಲು ಬೆಂಗಳೂರಿಗೆ ಬಹಳ ದೂರ. ಇಂದಾದರೋ ಸುಮಾರು 36,000 ಕಿಲೋಮೀಟರು ಎತ್ತರದ ಉಪಗ್ರಹಕ್ಕೆ ಮಾಲೂರೂ ಒಂದೇ, ಮುಳಬಾಗಿಲೂ ಒಂದೇ. ಈಗ ಲೆಕ್ಕಕ್ಕೆ ಬರುವ ದೂರವು ಕೋಣೆಯೊಳಗಿನದು.

ಪರದೆಯ ಚಿತ್ರವೆಂಬುದು ಸಣ್ಣ ಸಣ್ಣ ಬಿಂದುಗಳ ರಾಶಿ. ಫುಲ್ ಎಚ್.ಡಿ. ಪರದೆಯಲ್ಲಿ ಅಡ್ಡಸಾಲಿಗೆ 1920 ಬಿಂದುಗಳು, ಫೋರ್ ಕೆ ಪರದೆಯಲ್ಲಿ 3840. ಸಾಮಾನ್ಯ ದೃಷ್ಟಿಯುಳ್ಳ ಕಣ್ಣು ಒಂದು ಡಿಗ್ರಿಯ 60ನೆಯ ಒಂದು ಭಾಗಕ್ಕಿಂತ ಕಿರಿದಾದ ಕೋನದಲ್ಲಿರುವ ವಿವರಗಳನ್ನು ಬಿಡಿಸಿ ನೋಡಲಾರದು. ಇದನ್ನು ನಂಬಬೇಕಾಗಿಲ್ಲ, ಪರೀಕ್ಷಿಸಬಹುದು. ಬಿಳಿಯ ಕಾಗದದ ಮೇಲೆ 1 ಮಿಲಿಮೀಟರು ದಪ್ಪದ ಕಪ್ಪು ಗೆರೆಗಳನ್ನು ಅಷ್ಟೇ ತೆರಪು ಬಿಟ್ಟು ಎಳೆಯಿರಿ. ಗೋಡೆಗೆ ಅಂಟಿಸಿ ಹಿಂದೆ ಹಿಂದೆ ಸರಿಯಿರಿ. ಸುಮಾರು ಮೂರೂವರೆ ಮೀಟರಿನ ಆಸುಪಾಸಿನಲ್ಲಿ ಗೆರೆಗಳು ಕಲೆತು ಬೂದುಬಣ್ಣವಾಗುವುವು. (ಎಳೆಯರ ಚುರುಕು ಕಣ್ಣು ಇನ್ನೂ ಕೊಂಚ ದೂರ ತಾಳೀತು.)

43 ಅಂಗುಲದ ಫುಲ್ ಎಚ್.ಡಿ. ಪರದೆಯ ಅಗಲ ಸುಮಾರು 95 ಸೆಂಟಿಮೀಟರು. ಒಂದು ಬಿಂದುವಿನ ಅಗಲ ಅರ್ಧ ಮಿಲಿಮೀಟರು. 1.7 ಮೀಟರಿನಾಚೆ ಆ ಬಿಂದುಗಳು ಕಲೆತುಹೋಗುತ್ತವೆ. ನಮ್ಮ ನಡುಮನೆಗಳಲ್ಲಿ ಎಂಟು ಅಡಿ, ಎಂದರೆ 2.4 ಮೀಟರು, ದೂರದಲ್ಲಿ ಕುಳಿತು ನೋಡುವುದು ವಾಡಿಕೆ. ಅಲ್ಲಿಂದ ಫೋರ್ ಕೆ ಪರದೆಯ ಹೆಚ್ಚಿನ ಬಿಂದುಗಳು ಇದ್ದೂ ಇಲ್ಲದಂತೆ. ಅವುಗಳಿಂದ ಪ್ರಯೋಜನವಾಗಬೇಕಾದರೆ ಪರದೆಯು 60 ಅಂಗುಲವನ್ನು ಮೀರಬೇಕು.

ಇನ್ನೊಂದು ತೊಡಕುಂಟು. ಹಳೆಯ ಸಾಮಾನ್ಯ ಮಟ್ಟದ ವಾಹಿನಿಯು ಕಳುಹಿಸುವುದು ಚಿತ್ರವೊಂದಕ್ಕೆ 720ಕ್ಕೆ 576, ಎಂದರೆ ಸುಮಾರು 4.15 ಲಕ್ಷ ಬಿಂದುಗಳನ್ನು ಮಾತ್ರ. ಫೋರ್ ಕೆ ಪರದೆಯಲ್ಲಿರುವುದು 83 ಲಕ್ಷ. ಬಂದ ಒಂದೊಂದು ಬಿಂದುವನ್ನೂ ಯಂತ್ರವು ಇಪ್ಪತ್ತಾಗಿ ಹಿಗ್ಗಿಸಬೇಕು. ಮಜ್ಜಿಗೆಗೆ ನೀರು ಬೆರೆಸಿದಂತೆ! ಪರದೆ ದೊಡ್ಡದಾದಷ್ಟೂ ಮಸಕು ಎದ್ದು ಕಾಣುವುದು. ಅಂಗಡಿಯಲ್ಲಿ ತೋರಿಸುವ ಹೂವು, ಗಿಳಿಗಳ ಚಿತ್ರಗಳು ಪೂರ್ಣ ವಿವರದಲ್ಲೇ ಸಿದ್ಧಪಡಿಸಿದಂಥವು.

ಗಮನವು ಹೋಗಬೇಕಾದುದು ಬೇರೆಡೆಗೆ. ಮನೆಮಂದಿಯೆಲ್ಲ ಗೋಡೆಗೊರಗಿ, ಚಾಪೆಯ ಮೇಲೆ, ಹೀಗೆ ಓರೆಯಿಂದ ನೋಡುವವರೇ ಹೆಚ್ಚಾದರೆ ‘ಐ.ಪಿ.ಎಸ್.’ ಜಾತಿಯ ಪರದೆ ಮೇಲು. ‘ವಿ.ಎ.’ ಜಾತಿಯದರಲ್ಲಿ ಕಪ್ಪು ದಟ್ಟವಾಗಿ ಕಾಣುವುದಾದರೂ ಓರೆಯಿಂದ ಬಣ್ಣ ತೆಳುವಾಗುತ್ತದೆ. ಅಂಗಡಿಯ ಕಣ್ಣುಕೋರೈಸುವ ಹೊಳಪನ್ನು ಇಳಿಸಿ, ಮನೆಯಲ್ಲಿ ದಿನವೂ ನೋಡುವ ವಾಹಿನಿಯನ್ನೇ ಹಾಕಿಸಿ, ಎಂಟು ಅಡಿ ಹಿಂದೆ ನಿಂತು, ಬಳಿಕ ಪಕ್ಕಕ್ಕೆ ಸರಿದು ನೋಡಬೇಕು. ಅಂಗಡಿಯವರು ಕೊಂಚ ಗೊಣಗಿಯಾರು, ಗೊಣಗಲಿ.