ಜಯನಗರದ ಮಾರುತಿ, ಗ್ರೀನ್‌ಲ್ಯಾಂಡಿನ ಟ್ರಕ್ಕು

ಗ್ರೀನ್‌ಲ್ಯಾಂಡಿನ ಪೂರ್ವ ಕರಾವಳಿಯ ಇಕಾಟೆಕ್‌ನಲ್ಲಿ ಅಮೆರಿಕದ ಸೇನೆ 1942ರಲ್ಲಿ ವಿಮಾನನೆಲೆ ಕಟ್ಟಿತು. 1947ರಲ್ಲಿ ಟ್ರಕ್ಕುಗಳನ್ನೂ ಸಾವಿರಾರು ಇಂಧನದ ಡ್ರಮ್ಮುಗಳನ್ನೂ ಅಲ್ಲೇ ಬಿಟ್ಟು ಹೊರಟುಹೋಯಿತು. ಏಳು ದಶಕಗಳ ನಂತರ ಅಲ್ಲಿಗೆ ಹೋದ ಛಾಯಾಗ್ರಾಹಕರಿಗೆ ಸಿಕ್ಕಿದ್ದು ಮೈಯೆಲ್ಲ ಕೆಂಪಾಗಿದ್ದರೂ ಆಕಾರ ಬಿಡದ ಟ್ರಕ್ಕುಗಳು. ಬೆಂಗಳೂರಿನ ಜಯನಗರದ ಅಡ್ಡರಸ್ತೆಯಲ್ಲಿ, ಬನಶಂಕರಿಯ ಖಾಲಿ ಸೈಟಿನ ಪಕ್ಕದಲ್ಲಿ ವಾರಸುದಾರರಿಲ್ಲದೆ ನಿಂತ ಮಾರುತಿ 800ಕ್ಕೆ ಅಷ್ಟು ಆಯಸ್ಸಿಲ್ಲ.

ಕಾರಿನ ತಗಡು ಒಂದು ಮಿಲಿಮೀಟರಿಗಿಂತ ತೆಳು ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡದು ಹವೆ. ತುಕ್ಕಿಗೆ ಕಬ್ಬಿಣ, ಆಮ್ಲಜನಕ, ನೀರು ಮೂರೂ ಬೇಕು. ಲೋಹದ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ತೇವ ಕೂತರೂ ಸಾಕು: ಒಂದು ಕಡೆ ಕಬ್ಬಿಣ ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಕರಗುತ್ತದೆ, ಇನ್ನೊಂದು ಕಡೆ ಆಮ್ಲಜನಕ ಅವನ್ನು ಎತ್ತಿಕೊಳ್ಳುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇ. 60 ದಾಟಿತೆಂದರೆ ಈ ಕೆಲಸ ಚುರುಕಾಗುತ್ತದೆ. ನಮ್ಮ ಮಳೆಗಾಲದಲ್ಲಿ ಅದು ಮಾಮೂಲು. ಧ್ರುವಪ್ರದೇಶದಲ್ಲಿ ವರ್ಷದ ಬಹುಪಾಲು ನೀರು ಹೆಪ್ಪುಗಟ್ಟಿರುವುದರಿಂದ ರಾಸಾಯನಿಕ ಕ್ರಿಯೆ ಕುಂಟುತ್ತದೆ.

ಕ್ಯಾಮೆರಾ ಹಿಡಿದು ಹೋಗುವವರು ಇಡೀ ಕಾರಿನ ಚಿತ್ರಕ್ಕೇ ತೃಪ್ತರಾಗಬೇಡಿ. ಮುಂಗಾಜಿನ ಬುಡ ನೋಡಿ: ಮರದಿಂದ ಉದುರಿದ ಎಲೆ ಅಲ್ಲಿ ಕೊಳೆತು, ಒದ್ದೆ ಚೀಲದಂತೆ ತೇವ ಹಿಡಿದಿರುತ್ತದೆ. ಬಾಗಿಲಿನ ಕೆಳಅಂಚಿನ ನೀರು ಹರಿಯುವ ತೂತುಗಳು ಮಣ್ಣಿನಿಂದ ಮುಚ್ಚಿರುತ್ತವೆ. ಅಲ್ಲೆಲ್ಲ ಬಣ್ಣ ಗುಳ್ಳೆ ಎದ್ದಿರುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಬಣ್ಣವನ್ನು ಒಳಗಿನಿಂದ ಎತ್ತುತ್ತದೆ. ನಡುಹಗಲಲ್ಲಿ ಕಾಣದ ಈ ಗುಳ್ಳೆಗಳು ಬೆಳಗಿನ ಓರೆ ಬಿಸಿಲಿನಲ್ಲಿ ಎದ್ದು ಕಾಣುತ್ತವೆ. ಪ್ರತಿ ಮಳೆಗಾಲ ಮುಗಿದ ಮೇಲೆ ಅದೇ ಜಾಗದಲ್ಲಿ, ಅದೇ ಕೋನದಲ್ಲಿ ತೆಗೆದರೆ ಚಿತ್ರ ದಾಖಲೆಯೂ ಆಗುತ್ತದೆ. ಹಿಮನದಿಗಳು ಕರಗುವುದನ್ನು ವಿಜ್ಞಾನಿಗಳು ಹೀಗೆಯೇ ಅಳೆದಿದ್ದಾರೆ.

ಚಂದದ ಮಾತು ಇಷ್ಟಕ್ಕೆ ಸಾಕು. ಕಾರಿನ ಪಕ್ಕ ಬಿದ್ದ ಹಳೇ ಟೈರಿನೊಳಗಿನ ನೀರಿನಲ್ಲಿ ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆ ಏಳರಿಂದ ಹತ್ತು ದಿನಗಳಲ್ಲಿ ಹಾರುವ ಸೊಳ್ಳೆಯಾಗುತ್ತದೆ. ನೀರು ಒಣಗಿದರೂ ಮೊಟ್ಟೆ ತಿಂಗಳುಗಟ್ಟಲೆ ಬದುಕುತ್ತದೆ. 2024ರಲ್ಲಿ ಕರ್ನಾಟಕ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಬೇಕಾಯಿತು. ಸಾರ್ವಜನಿಕ ಜಾಗದಲ್ಲಿ ಹತ್ತು ಗಂಟೆಗೂ ಮೀರಿ ಅನಾಥವಾಗಿ ಬಿಟ್ಟ ವಾಹನವನ್ನು ಎಳೆದೊಯ್ಯಿಸಲು ಮೋಟಾರು ವಾಹನ ಕಾಯ್ದೆಯ 127ನೇ ಕಲಮು ಪೊಲೀಸರಿಗೆ ಅಧಿಕಾರ ಕೊಟ್ಟಿದೆ. ಹಾಗಾಗಿ ನಂಬರ್ ಪ್ಲೇಟ್ ಮತ್ತು ರಸ್ತೆಯ ಹೆಸರು ಕಾಣುವಂತೆ ಇನ್ನೊಂದು ಫೋಟೊ ತೆಗೆದು ಹತ್ತಿರದ ಸಂಚಾರ ಪೊಲೀಸ್ ಠಾಣೆಗೂ ಕೊಡಿ. ಟೈರಿನ ನೀರನ್ನು ಮಾತ್ರ ಅವರಿಗೆ ಕಾಯದೆ ನೀವೇ ಚೆಲ್ಲಿ.