ಸೆಪ್ಟೆಂಬರಿನಲ್ಲಿ ಹುಟ್ಟಿದವಳು ಯಾವ ತಂಡಕ್ಕೆ?

ಅಮೆರಿಕದಲ್ಲಿ ಹೆಣ್ಣುಮಕ್ಕಳ ಫುಟ್‌ಬಾಲ್ ಎಂದರೆ ಹುಡುಗಾಟದ ಮಾತಲ್ಲ. 2009ರಲ್ಲಿ ಶುರುವಾದ ಇ.ಸಿ.ಎನ್.ಎಲ್. ಎಂಬ ಲೀಗಿನ ಪಂದ್ಯಗಳಿಗೆ ಕಾಲೇಜಿನ ತರಬೇತುದಾರರೇ ಬಂದು ಕೂತು ಹುಡುಗಿಯರನ್ನು ನೋಡುತ್ತಾರೆ. ಚೆನ್ನಾಗಿ ಆಡಿದರೆ ಓದಿಗೆ ವಿದ್ಯಾರ್ಥಿವೇತನವೂ ಸಿಕ್ಕೀತು. ಹಾಗಾಗಿ ಮಗಳು ಯಾವ ವಯಸ್ಸಿನ ಗುಂಪಿಗೆ ಬೀಳುತ್ತಾಳೆ ಅನ್ನೋದು ಅಲ್ಲಿನ ತಾಯಂದಿರಿಗೆ ದೊಡ್ಡ ತಲೆನೋವು.

ನಾವು ಮಕ್ಕಳನ್ನು ಶಾಲೆಗೆ ಸೇರಿಸುವಾಗ ಜೂನ್ ತಿಂಗಳ ಲೆಕ್ಕ ಹಾಕೋದಿಲ್ಲವೆ? ಅಲ್ಲಿ ಆಟಕ್ಕೂ ಅಂಥದೊಂದು ತಾರೀಖು. ಮೊದಲು ಆಗಸ್ಟ್ 1 ಇತ್ತು. ಹೊರದೇಶಗಳ ಪದ್ಧತಿಗೆ ಹೊಂದಲಿ ಅಂತ 2017ರ ಹೊತ್ತಿಗೆ ಜನವರಿ 1 ಮಾಡಿದರು. ಶಾಲೆಯ ಲೆಕ್ಕ ಮಾತ್ರ ಹಲವು ರಾಜ್ಯಗಳಲ್ಲಿ ಸೆಪ್ಟೆಂಬರಿನದೇ. ಪೇಚಾಟ ಇರೋದು ಇಲ್ಲೇ. ಸೆಪ್ಟೆಂಬರಿನಲ್ಲಿ ಹುಟ್ಟಿದವಳು ಇನ್ನೂ ಎಂಟನೆಯ ತರಗತಿ, ತಂಡದ ಗೆಳತಿಯರು ಬಹುಪಾಲು ಒಂಬತ್ತು. ಅವರು ಹೈಸ್ಕೂಲ್ ತಂಡಕ್ಕೆ ಆಡಲು ಹೊರಟರೆ ಆ ಕೆಲವು ತಿಂಗಳು ಇವಳಿಗೆ ಜೊತೆಯೇ ಇಲ್ಲ. ಇಂಥವರಿಗೆ ‘ಸಿಕ್ಕಿಬಿದ್ದವರು’ ಅಂತಲೇ ಹೆಸರು! ಹನ್ನೆರಡನೆಯ ತರಗತಿಯಲ್ಲಂತೂ ಗೆಳತಿಯರು ಕಾಲೇಜಿಗೇ ಹೋಗಿಬಿಟ್ಟಿರುತ್ತಾರೆ. ಹೀಗೆ ಉಳಿದವರಿಗೂ ಜಾಗ ಇರಲೆಂದು 18 ಮತ್ತು 19ರ ಗುಂಪುಗಳನ್ನು ಒಂದೇ ಮಾಡಿದರು. ಆದರೆ ಮೈದಾನಕ್ಕೆ ಇಳಿಯೋದು ಹನ್ನೊಂದೇ ಜನ. ಕೆಲವರಿಗೆ ಬೆಂಚೇ ಗತಿ.

2026-27ರ ಸಾಲಿನಿಂದ ಮತ್ತೆ ಆಗಸ್ಟ್ 1 ಎಂದು ಅಲ್ಲಿನ ದೊಡ್ಡ ಸಂಸ್ಥೆಗಳು 2025ರಲ್ಲಿ ತೀರ್ಮಾನಿಸಿದವು. ಒಂದೇ ತರಗತಿಯವರು ಒಟ್ಟಿಗೆ ಆಡುವಂತಾದರೆ ಒಳ್ಳೆಯದೇ. ಆದರೆ ವರ್ಷಗಟ್ಟಲೆ ಜೊತೆಗೆ ಆಡಿದ ತಂಡಗಳು ಒಡೆಯುತ್ತವಲ್ಲ! ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವಳಾಗುವ ಸರದಿಯೂ ಡಿಸೆಂಬರಿನವಳಿಂದ ಜುಲೈನವಳಿಗೆ ಬರುತ್ತದೆ.